ಹರಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದುಡ್ಡು ಬೇರೆಯವರಿಗೆ ಹೋಗುತ್ತದೆಯೇ? ಉತ್ತರ ಇರುವುದು ಪಿಯುಸಿ ಮ್ಯಾಟ್ರಿಕ್ಸ್ ಪಾಠದಲ್ಲಿ

ಸೊಪ್ಪಿನ ಗಾಡಿಯ ಮುಂದೆ ನಿಂತಿದ್ದೀರಿ. ದಂಟು, ಮೆಂತ್ಯ ಎರಡೂ ಚೀಲಕ್ಕೆ ಬಿದ್ದಾಗಿದೆ. ಗಾಡಿಯ ಕಂಬಕ್ಕೆ ಕಟ್ಟಿದ ಕ್ಯೂಆರ್ ಕೋಡ್ ಮಾತ್ರ ನೋಡುವ ಹಾಗಿಲ್ಲ. ಒಂದು ಅಂಚು ಕಿತ್ತುಹೋಗಿದೆ, ಮಧ್ಯದಲ್ಲಿ ಮಳೆನೀರು ಇಳಿದು ಶಾಯಿ ಕದಡಿದೆ. ಆದರೂ ಫೋನ್ ಹಿಡಿದ ಕೂಡಲೇ ಗಾಡಿಯವರ ಹೆಸರು ಪರದೆಯ ಮೇಲೆ ಬರುತ್ತದೆ.

ಇಲ್ಲಿ ಒಂದು ಅನುಮಾನ ಹುಟ್ಟುವುದು ಸಹಜ. ಅಳಿಸಿಹೋದ ಭಾಗವನ್ನು ಫೋನ್ ನೋಡಿಯೇ ಇಲ್ಲ. ಹಾಗಾದರೆ ಅದು ಊಹಿಸುತ್ತಿದೆಯೇ? ಊಹೆ ತಪ್ಪಾದರೆ ನಮ್ಮ ದುಡ್ಡು ಇನ್ಯಾರದೋ ಖಾತೆಗೆ ಹೋಗುವುದಿಲ್ಲವೇ? "ಹರಿದ ಕ್ಯೂಆರ್‌ಗೆ ಹಣ ಹಾಕಬೇಡಿ" ಅಂತ ಮನೆಯ ಗ್ರೂಪಿನಲ್ಲಿ ಯಾರಾದರೂ ಎಚ್ಚರಿಕೆ ಹಾಕಿದರೆ, ಅದನ್ನು ಮುಂದಿನ ಗ್ರೂಪಿಗೆ ಕಳಿಸುವ ಮೊದಲು ಇದನ್ನೊಮ್ಮೆ ಓದಿ.

ಚುಟುಕು ಉತ್ತರ: ಇಲ್ಲ, ಹಾಗೆ ಹೋಗುವುದಿಲ್ಲ. ಫೋನ್ ಊಹಿಸುತ್ತಿಲ್ಲ, ಸಮೀಕರಣ ಬಿಡಿಸುತ್ತಿದೆ. ದ್ವಿತೀಯ ಪಿಯುಸಿಯಲ್ಲಿ 'ಮಾತೃಕೆಗಳು' ಅಂತ ಓದಿ, ಪರೀಕ್ಷೆ ಮುಗಿದ ಮೇಲೆ "ಇದನ್ನು ಜೀವನದಲ್ಲಿ ಎಲ್ಲಿ ಬಳಸ್ತೀವಿ" ಅಂತ ಮೀಮ್ ಹಂಚಿಕೊಂಡೆವಲ್ಲ, ಅದೇ ಮ್ಯಾಟ್ರಿಕ್ಸ್. ಕ್ಯೂಆರ್‌ನಲ್ಲಿ ಬೇರೊಂದು ಅಪಾಯ ಇದೆ, ಅದು ನಿಜವಾದದ್ದು, ಅದನ್ನು ಯಾವ ಗಣಿತವೂ ತಡೆಯುವುದಿಲ್ಲ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಈ ಸಮೀಕರಣದ ಕೆಲಸ ಅರ್ಥವಾಗಬೇಕಾದರೆ ಮೊದಲು ಕ್ಯೂಆರ್ ಬಿಟ್ಟು ವಾಟ್ಸಾಪ್ ಗ್ರೂಪುಗಳ ಕಡೆ ಬರೋಣ.

ಹುಟ್ಟುಹಬ್ಬದ ಗ್ರೂಪುಗಳ ಲೆಕ್ಕ

ಒಂದು ಕಚೇರಿಯಲ್ಲಿ 30 ಜನ ಇದ್ದಾರೆ. ಪ್ರತಿಯೊಬ್ಬರ ಹುಟ್ಟುಹಬ್ಬಕ್ಕೂ ಗುಟ್ಟಾಗಿ ಕೇಕ್ ತರಿಸುವ ಪದ್ಧತಿ. ಅದಕ್ಕಾಗಿ ಹುಟ್ಟುಹಬ್ಬದವರನ್ನು ಬಿಟ್ಟು ಉಳಿದ 29 ಜನರ ಒಂದು ಗ್ರೂಪ್ ಮಾಡುತ್ತಾರೆ. ಹೀಗೆ 30 ಗ್ರೂಪುಗಳಾದವು. ಈಗ ಎರಡು ವಿಷಯ ಗಮನಿಸಿ. ಪ್ರತಿ ಗ್ರೂಪಿನಲ್ಲೂ 29 ಜನ, ಅಂದರೆ ಬೆಸ ಸಂಖ್ಯೆ. ಯಾವುದೇ ಎರಡು ಗ್ರೂಪು ತೆಗೆದುಕೊಂಡರೂ ಎರಡರಲ್ಲೂ ಇರುವವರು 28 ಜನ, ಅಂದರೆ ಸಮ ಸಂಖ್ಯೆ.

ಇದನ್ನೇ ನಿಯಮ ಮಾಡೋಣ: ಪ್ರತಿ ಗ್ರೂಪಿನಲ್ಲಿ ಬೆಸ ಸಂಖ್ಯೆಯ ಸದಸ್ಯರು ಇರಬೇಕು, ಯಾವುದೇ ಎರಡು ಗ್ರೂಪುಗಳಿಗೆ ಸಾಮಾನ್ಯವಾಗಿರುವ ಸದಸ್ಯರು ಸಮ ಸಂಖ್ಯೆಯಲ್ಲಿರಬೇಕು (ಒಬ್ಬರೂ ಇಲ್ಲದಿದ್ದರೂ ಸರಿ, ಸೊನ್ನೆ ಸಮ ಸಂಖ್ಯೆಯೇ). ಈ ನಿಯಮ ಮುರಿಯದೆ 30 ಜನರಲ್ಲಿ ಎಷ್ಟು ಗ್ರೂಪ್ ಮಾಡಬಹುದು? ಹುಟ್ಟುಹಬ್ಬದ ಉಪಾಯದಿಂದ 30 ಆಯಿತು. ಇನ್ನೂ ಜಾಣತನದಿಂದ ಜೋಡಿಸಿದರೆ 40? 100?

ಆಗುವುದಿಲ್ಲ. 31ನೆಯ ಗ್ರೂಪನ್ನು ಯಾರೂ ಮಾಡಲಾರರು.

ಈಗ ನಿಯಮದಲ್ಲಿ ಒಂದೇ ಒಂದು ಪದ ಬದಲಿಸಿ. ಪ್ರತಿ ಗ್ರೂಪಿನಲ್ಲಿ 'ಬೆಸ' ಬದಲು 'ಸಮ' ಸಂಖ್ಯೆಯ ಸದಸ್ಯರಿರಲಿ, ಉಳಿದದ್ದು ಹಾಗೇ ಇರಲಿ. 30 ಜನರನ್ನು 15 ಜೋಡಿ ಮಾಡಿ. ಜೋಡಿಯಲ್ಲಿ ಒಬ್ಬರು ಗ್ರೂಪಿಗೆ ಬಂದರೆ ಇನ್ನೊಬ್ಬರೂ ಬರಬೇಕು, ಇಲ್ಲವೇ ಇಬ್ಬರೂ ಹೊರಗೆ. ಆಗ ಎಲ್ಲ ಸಂಖ್ಯೆಗಳೂ ತಾನಾಗಿಯೇ ಸಮ ಆಗುತ್ತವೆ. ಪ್ರತಿ ಜೋಡಿಗೂ ಒಳಗೆ ಅಥವಾ ಹೊರಗೆ ಎಂಬ ಎರಡು ಆಯ್ಕೆ, 15 ಜೋಡಿ. ಎರಡನ್ನು 15 ಸಲ ಗುಣಿಸಿದರೆ 32,768. ಯಾರೂ ಇಲ್ಲದ ಖಾಲಿ ಗ್ರೂಪನ್ನು ಕಳೆದರೂ 32,767 ಗ್ರೂಪುಗಳು! ಬೆಸ ಎಂದರೆ 30ಕ್ಕೆ ಬಾಗಿಲು ಮುಚ್ಚುತ್ತದೆ, ಸಮ ಎಂದರೆ ಮೂವತ್ತು ಸಾವಿರ ದಾಟುತ್ತದೆ. ನಮಗಂತೂ ಇದನ್ನು ಮೊದಲ ಸಲ ಓದಿದಾಗ ಎಲ್ಲೋ ಮುದ್ರಣದ ತಪ್ಪಿದೆ ಎನ್ನಿಸಿತ್ತು.

31 ಏಕೆ ಆಗುವುದಿಲ್ಲ?

ಎಲ್ಲ ಸಾಧ್ಯತೆಗಳನ್ನೂ ಪಟ್ಟಿ ಮಾಡಿ ನೋಡೋಣ ಎಂದರೆ ಕೆಲಸ ಮುಗಿಯುವುದಿಲ್ಲ. 30 ಜನರಿಂದ ಮಾಡಬಹುದಾದ ಗ್ರೂಪುಗಳೇ 107 ಕೋಟಿಗೂ ಹೆಚ್ಚು. ಅವುಗಳಲ್ಲಿ 31 ಗ್ರೂಪುಗಳನ್ನು ಆರಿಸುವ ಬಗೆಗಳನ್ನು ಎಣಿಸಲು ಕಂಪ್ಯೂಟರಿಗೂ ಆಯುಸ್ಸು ಸಾಲದು. ಇಲ್ಲಿ ಮ್ಯಾಟ್ರಿಕ್ಸ್ ಒಳಗೆ ಬರುತ್ತದೆ. ನಾವು ಗಣಿತ ಓದಿದವರಲ್ಲ, ಸಂವಹನ ಓದಿದವರು. ಆದರೂ ಈ ಸಾಧನೆ ನಮಗೂ ಅರ್ಥವಾಗಿದೆ, ಆದ್ದರಿಂದ ಧೈರ್ಯವಾಗಿ ಓದಿ. ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಸಾಕು.

ಪ್ರತಿ ಗ್ರೂಪನ್ನೂ 30 ಮನೆಗಳ ಒಂದು ಸಾಲಾಗಿ ಬರೆಯಿರಿ. ಆ ವ್ಯಕ್ತಿ ಗ್ರೂಪಿನಲ್ಲಿದ್ದರೆ 1, ಇಲ್ಲದಿದ್ದರೆ 0. ಕೂಡುವಾಗ ಒಂದೇ ಒಂದು ವಿಚಿತ್ರ ನಿಯಮ: 1 ಮತ್ತು 1 ಸೇರಿದರೆ 0. ವಿಚಿತ್ರ ಏನಲ್ಲ, ಮನೆಯ ಲೈಟ್ ಸ್ವಿಚ್ ಇದೇ ಗಣಿತ ಮಾಡುತ್ತದೆ. ಎರಡು ಸಲ ಒತ್ತಿದರೆ ಮೊದಲಿದ್ದ ಸ್ಥಿತಿಗೇ ಬರುತ್ತದೆ. ನಮಗೆ ಬೇಕಾದದ್ದು ಸಮವೋ ಬೆಸವೋ ಎಂಬುದಷ್ಟೇ. ಸಮ ಎಂದರೆ 0, ಬೆಸ ಎಂದರೆ 1.

ಈಗ ಎರಡು ಸಾಲುಗಳನ್ನು ಹೋಲಿಸಿ, ಎರಡರಲ್ಲೂ 1 ಇರುವ ಮನೆಗಳನ್ನು ಎಣಿಸಿ. ಅದು ಇಬ್ಬರಿಗೂ ಸಾಮಾನ್ಯವಾದ ಸದಸ್ಯರ ಸಂಖ್ಯೆ. ನಮ್ಮ ನಿಯಮದ ಪ್ರಕಾರ ಬೇರೆ ಬೇರೆ ಗ್ರೂಪುಗಳನ್ನು ಹೋಲಿಸಿದರೆ 0 ಬರಬೇಕು, ಒಂದು ಗ್ರೂಪನ್ನು ಅದರೊಂದಿಗೇ ಹೋಲಿಸಿದರೆ 1 ಬರಬೇಕು.

ಇನ್ನು ಪಿಯುಸಿಯಲ್ಲಿ ಸಮೀಕರಣಗಳನ್ನು ಬಿಡಿಸಿದ್ದನ್ನು ನೆನಪಿಸಿಕೊಳ್ಳಿ. ಮೊದಲ ಸಾಲನ್ನು ಉಳಿದ ಸಾಲುಗಳಿಗೆ ಕೂಡಿ ಒಂದು ಮನೆಯನ್ನು ಎಲ್ಲ ಕಡೆ ಸೊನ್ನೆ ಮಾಡುತ್ತೇವೆ. ಎರಡನೆಯ ಸಾಲಿನಿಂದ ಇನ್ನೊಂದು ಮನೆ. ಹೀಗೆ 30 ಸಾಲು ಬಳಸುವಷ್ಟರಲ್ಲಿ 30 ಮನೆಗಳೂ ಖಾಲಿ. ಅಷ್ಟರೊಳಗೆ ಯಾವ ಸಾಲೂ ಪೂರ್ತಿ ಸೊನ್ನೆಯಾಗದಿದ್ದರೂ 31ನೆಯ ಸಾಲಿಗೆ ಬೇರೆ ದಾರಿಯಿಲ್ಲ, ಅದು ಸೊನ್ನೆಯಾಗಲೇಬೇಕು. ಅಂದರೆ, 31 ಸಾಲುಗಳಿದ್ದರೆ ಅವುಗಳಲ್ಲಿ ಕೆಲವನ್ನು ಕೂಡಿದಾಗ ಪೂರ್ತಿ ಸೊನ್ನೆ ಸಾಲು ಬಂದೇ ಬರುತ್ತದೆ.

ಹಾಗೆ ಕೂಡಿ ಸೊನ್ನೆಯಾದ ಗ್ರೂಪುಗಳಲ್ಲಿ ಒಂದನ್ನು ಎತ್ತಿಕೊಳ್ಳಿ. ಅದನ್ನು ಲಕ್ಷ್ಮಿ ಅವರ ಹುಟ್ಟುಹಬ್ಬದ ಗ್ರೂಪ್ ಎನ್ನೋಣ. ಆ ಮೊತ್ತವನ್ನು ಲಕ್ಷ್ಮಿ ಗ್ರೂಪಿನೊಂದಿಗೆ ಹೋಲಿಸಿ. ಮೊತ್ತ ಪೂರ್ತಿ ಸೊನ್ನೆ, ಆದ್ದರಿಂದ ಉತ್ತರ 0. ಅದೇ ಲೆಕ್ಕವನ್ನು ಬಿಡಿಬಿಡಿಯಾಗಿಯೂ ಮಾಡಬಹುದು. ಮೊದಲು ಒಂದೊಂದು ಗ್ರೂಪನ್ನೂ ಲಕ್ಷ್ಮಿ ಗ್ರೂಪಿನೊಂದಿಗೆ ಹೋಲಿಸಿ, ಆಮೇಲೆ ಕೂಡಿದರೂ ಉತ್ತರ ಬದಲಾಗಬಾರದು. ಬೇರೆ ಗ್ರೂಪುಗಳಿಂದ 0, 0, 0 ಬರುತ್ತದೆ. ಲಕ್ಷ್ಮಿ ಗ್ರೂಪಿನಿಂದ ಮಾತ್ರ 1. ಒಟ್ಟು 1. ಒಂದೇ ಲೆಕ್ಕಕ್ಕೆ ಒಂದು ಕಡೆ 0, ಇನ್ನೊಂದು ಕಡೆ 1! ಇದು ಅಸಾಧ್ಯ. ಆದ್ದರಿಂದ 31ನೆಯ ಗ್ರೂಪ್ ಇರಲಾರದು.

ಇಷ್ಟೇ. ಎಣಿಕೆಯ ಪ್ರಶ್ನೆಯಲ್ಲಿ ಎಣಿಸುವ ಕೆಲಸವೇ ಬರಲಿಲ್ಲ. ಗ್ರೂಪು, ಸದಸ್ಯರು, ಬೆಸ, ಸಮ ಎಂಬ ಮಾತಿನಲ್ಲಿ ಸಮೀಕರಣದ ಸುಳಿವೂ ಇರಲಿಲ್ಲ. ಸಾಲುಗಳಾಗಿ ಬರೆದ ಕೂಡಲೇ "30 ಮನೆಯಲ್ಲಿ 30ಕ್ಕಿಂತ ಹೆಚ್ಚು ಸ್ವತಂತ್ರ ಸಾಲು ಹಿಡಿಯುವುದಿಲ್ಲ" ಎಂಬ ಹಳೆಯ ಪಾಠ ಬಂದು ಬಾಗಿಲು ಹಾಕಿಬಿಟ್ಟಿತು. 'ಸ್ವತಂತ್ರ' ಎಂದರೆ ಇಷ್ಟೇ: ಬೇರೆ ಸಾಲುಗಳನ್ನು ಕೂಡಿ ತಯಾರಿಸಲಾಗದ ಸಾಲು. ಗ್ರೂಪಿಗೆ ಬಂದ ನಿಜವಾದ ಹೊಸ ಸುದ್ದಿಯ ಹಾಗೆ, ಹಳೆಯ ಫಾರ್ವರ್ಡ್‌ಗಳ ಕಲಬೆರಕೆ ಅಲ್ಲ.

ಗಣಿತದವರು ಈ ಸಮಸ್ಯೆಯನ್ನು 'ಆಡ್‌ಟೌನ್' ಎಂದು ಕರೆಯುತ್ತಾರೆ. ಅಮೆರಿಕದ ಗಣಿತಜ್ಞ ಎಲ್ವಿನ್ ಬರ್ಲೆಕ್ಯಾಂಪ್ 1969ರಲ್ಲಿ ಇಂಥ ಪ್ರಶ್ನೆಗಳ ಮೇಲೆ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಈ ಹೆಸರು ನೆನಪಿಟ್ಟುಕೊಳ್ಳಿ, ಕ್ಯೂಆರ್ ಕೋಡಿನ ಹತ್ತಿರ ಇವರು ಮತ್ತೆ ಸಿಗುತ್ತಾರೆ.

ಹೊಲದಿಂದ ಬಂದ ಪ್ರಶ್ನೆ, ಕೋಲ್ಕತ್ತಾದ ಬೋಸ್

ಎಣಿಕೆಯ ಪ್ರಶ್ನೆಗೆ ಮ್ಯಾಟ್ರಿಕ್ಸ್ ಹಚ್ಚುವ ಈ ಉಪಾಯವನ್ನು ತೀರಾ ಮೊದಲು ಬಳಸಿದವರಲ್ಲಿ ಒಬ್ಬರು ಭಾರತೀಯರು: ರಾಜ್ ಚಂದ್ರ ಬೋಸ್. 1901ರಲ್ಲಿ ಈಗಿನ ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ ಹುಟ್ಟಿದವರು. ಕೋಲ್ಕತ್ತಾದಲ್ಲಿ ಮಹಾಲನೋಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಕೆಲಸ ಮಾಡಿದರು. (ಅದೇ ಸಂಸ್ಥೆಯ ಒಂದು ಕೇಂದ್ರ ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಇದೆ.) 1949ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ ಹೋದರು.

ಆಗಿನ ಪ್ರಶ್ನೆ ಬಂದದ್ದು ಹೊಲದಿಂದ. ಹಲವು ಭತ್ತದ ತಳಿಗಳನ್ನು ಹೋಲಿಸಬೇಕು, ಆದರೆ ಎಲ್ಲವನ್ನೂ ಒಂದೇ ತಾಕಿನಲ್ಲಿ ಬೆಳೆಯಲು ಜಾಗವಿಲ್ಲ. ಒಂದು ತಾಕಿನ ಮಣ್ಣು ಚೆನ್ನಾಗಿರುತ್ತದೆ, ಇನ್ನೊಂದರದ್ದು ಇರುವುದಿಲ್ಲ. ನ್ಯಾಯವಾಗಿ ಹೋಲಿಸಬೇಕಾದರೆ ಯಾವುದೇ ಎರಡು ತಳಿಗಳು ಒಂದೇ ತಾಕಿನಲ್ಲಿ ಎದುರುಬದುರಾಗುವ ಅವಕಾಶ ಸಮನಾಗಿರಬೇಕು.

ಒಂದು ಲೆಕ್ಕ ನೋಡಿ. 16 ತಳಿಗಳಿವೆ, 8 ತಾಕುಗಳಿವೆ, ಒಂದೊಂದು ತಾಕಿನಲ್ಲಿ 6 ತಳಿ ಬೆಳೆಯಬಹುದು. ಪ್ರತಿ ಎರಡು ತಳಿಗಳೂ ಸರಿಯಾಗಿ ಒಂದು ತಾಕಿನಲ್ಲಿ ಭೇಟಿಯಾಗಬೇಕು. 16 ತಳಿಗಳಲ್ಲಿ 120 ಜೋಡಿಗಳು. 6 ತಳಿಯ ತಾಕಿನಲ್ಲಿ 15 ಜೋಡಿಗಳು, 8 ತಾಕುಗಳಲ್ಲಿ 8 ಗುಣಿಲೆ 15, ಅದೂ 120. ಪ್ರತಿ ತಳಿ 3 ತಾಕುಗಳಲ್ಲಿ ಬಂದರೆ ಸಾಕು. ಲೆಕ್ಕ ಅಷ್ಟು ಚೊಕ್ಕವಾಗಿ ತಾಳೆಯಾಗುತ್ತದೆ. ಆದರೂ ಕಾಗದ ತೆಗೆದುಕೊಂಡು ಜೋಡಿಸಲು ಕುಳಿತರೆ ಎಷ್ಟು ದಿನ ಕಳೆದರೂ ಜೋಡಣೆಯಾಗುವುದಿಲ್ಲ.

ಕಾರಣವನ್ನು ಬ್ರಿಟನ್ನಿನ ರೊನಾಲ್ಡ್ ಫಿಶರ್ 1940ರಲ್ಲಿ ತೋರಿಸಿದರು. ಇಂಥ ಸಮತೋಲದ ಯೋಜನೆಯಲ್ಲಿ, ಎಲ್ಲ ತಳಿಗಳೂ ಒಂದೇ ತಾಕಿನಲ್ಲಿ ಹಿಡಿಸದಿದ್ದರೆ, ತಾಕುಗಳ ಸಂಖ್ಯೆ ತಳಿಗಳ ಸಂಖ್ಯೆಗಿಂತ ಕಡಿಮೆ ಇರಲಾಗದು. ಬೋಸ್ 1949ರಲ್ಲಿ ಇದಕ್ಕೆ ಬಹಳ ಚಿಕ್ಕ ಸಾಧನೆ ಕೊಟ್ಟರು. ಪ್ರತಿ ತಳಿಯನ್ನೂ 8 ಮನೆಯ ಒಂದು ಸಾಲಾಗಿ ಬರೆಯಿರಿ: ಆ ತಾಕಿನಲ್ಲಿದ್ದರೆ 1, ಇಲ್ಲದಿದ್ದರೆ 0. ಈ ಸಲ ಮಾಮೂಲಿ ಕೂಡಿಸುವಿಕೆ, ಸ್ವಿಚ್ಚಿನ ಗಣಿತ ಬೇಡ. ಒಂದು ಸಾಲನ್ನು ಅದರೊಂದಿಗೇ ಹೋಲಿಸಿದರೆ 3, ಬೇರೆ ಸಾಲಿನೊಂದಿಗೆ ಹೋಲಿಸಿದರೆ 1. ಇಷ್ಟರಿಂದಲೇ 16 ಸಾಲುಗಳೂ ಸ್ವತಂತ್ರ ಎಂದು ಸಿದ್ಧವಾಗುತ್ತದೆ. 8 ಮನೆಯಲ್ಲಿ 16 ಸ್ವತಂತ್ರ ಸಾಲು ಹಿಡಿಯುವುದಿಲ್ಲ. ಹುಟ್ಟುಹಬ್ಬದ ಗ್ರೂಪಿನದೇ ಉಪಾಯ!

ಹತ್ತು ವರ್ಷದ ನಂತರ ಇದೇ ಬೋಸ್ ಮತ್ತು ಅವರ ವಿದ್ಯಾರ್ಥಿ ಡಿ. ಕೆ. ರಾಯ್-ಚೌಧುರಿ, ಸಂದೇಶಗಳಲ್ಲಿ ನುಸುಳುವ ತಪ್ಪುಗಳನ್ನು ತಿದ್ದುವ ಒಂದು ಸಂಕೇತ ಪದ್ಧತಿ ರೂಪಿಸಿ 1960ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ಹಾಕೆಂಗೆಮ್ ಅದನ್ನು ಬೇರೆಯಾಗಿಯೇ ಕಂಡುಹಿಡಿದು 1959ರಲ್ಲಿ ಬರೆದಿದ್ದರು. ಮೂವರ ಹೆಸರಿನ ಮೊದಲ ಅಕ್ಷರ ಸೇರಿ ಇಂದು ಅದು ಬಿಸಿಎಚ್ ಕೋಡ್. ನಿಮ್ಮ ಸೊಪ್ಪಿನ ಗಾಡಿಯ ಕ್ಯೂಆರ್‌ನಲ್ಲಿ ಅದು ಇದೆ. ಎಲ್ಲಿದೆ ಎಂದು ಮುಂದೆ ತೋರಿಸುತ್ತೇವೆ.

ಮತ್ತೆ ಮಾಡದೆ ಪರೀಕ್ಷಿಸುವುದು

ಇಲ್ಲಿಯವರೆಗೆ ನೋಡಿದ್ದು 'ಎಷ್ಟು ಸಾಧ್ಯ' ಎಂಬ ಪ್ರಶ್ನೆ. ಕ್ಯೂಆರ್‌ಗೆ ಬೇಕಾದದ್ದು ಬೇರೆ ಎರಡು ಪ್ರಶ್ನೆ: ಓದಿದ್ದು ಸರಿಯಿದೆಯೇ? ಇಲ್ಲದಿದ್ದರೆ ತಪ್ಪು ಎಲ್ಲಿದೆ?

ಮೊದಲನೆಯದಕ್ಕೆ ಒಂದು ಸೊಗಸಾದ ಉದಾಹರಣೆ. ನಿಮ್ಮ ಬಳಿ ಮತ್ತು ನಿಮ್ಮ ಗೆಳತಿಯ ಬಳಿ 10 ಲಕ್ಷ ಸೊನ್ನೆ-ಒಂದುಗಳ ಒಂದೊಂದು ಪಟ್ಟಿ ಇದೆ. ಎರಡೂ ಒಂದೇನಾ ಎಂದು ತಿಳಿಯಬೇಕು, ಆದರೆ ಇಡೀ ಪಟ್ಟಿ ಓದಿ ಹೇಳುವ ತಾಳ್ಮೆ ಇಲ್ಲ. ಹೀಗೆ ಮಾಡಿ: ಪ್ರತಿ ಸ್ಥಾನಕ್ಕೂ ನಾಣ್ಯ ಚಿಮ್ಮಿ, ತಲೆ ಬಿದ್ದ ಸ್ಥಾನಗಳನ್ನು ಆರಿಸಿಕೊಳ್ಳಿ. ಇಬ್ಬರೂ ಅದೇ ಸ್ಥಾನಗಳಲ್ಲಿ ಇರುವ 1ಗಳನ್ನು ಎಣಿಸಿ, ಬೆಸವೋ ಸಮವೋ ಎಂಬ ಒಂದೇ ಮಾತು ಫೋನಿನಲ್ಲಿ ಹೇಳಿ. ಪಟ್ಟಿ ಒಂದೇ ಆಗಿದ್ದರೆ ಉತ್ತರ ಯಾವಾಗಲೂ ಹೊಂದುತ್ತದೆ. ಒಂದೇ ಒಂದು ಕಡೆ ವ್ಯತ್ಯಾಸವಿದ್ದರೂ, ಹತ್ತು ಸಾವಿರ ಕಡೆ ಇದ್ದರೂ, ಉತ್ತರ ಬೇರೆಯಾಗುವ ಸಾಧ್ಯತೆ ಸರಿಯಾಗಿ ಅರ್ಧ. 20 ಸಲ ಹೊಸದಾಗಿ ನಾಣ್ಯ ಚಿಮ್ಮಿ ಕೇಳಿದರೆ, ತಪ್ಪು ಕಣ್ತಪ್ಪಿಸಿಕೊಳ್ಳುವ ಸಾಧ್ಯತೆ 10 ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ. ಹೇಳಿದ್ದು ಇಪ್ಪತ್ತೇ ಮಾತು.

ಲಾಟ್ವಿಯಾದ ರೂಸಿನ್ಷ್ ಫ್ರೈವಾಲ್ಡ್ಸ್ 1977ರಲ್ಲಿ ಇದೇ ಉಪಾಯವನ್ನು ಮ್ಯಾಟ್ರಿಕ್ಸ್ ಗುಣಾಕಾರಕ್ಕೆ ಹಚ್ಚಿದರು. ಸಾವಿರ ಸಾಲು, ಸಾವಿರ ಕಂಬಗಳ ಎರಡು ಮ್ಯಾಟ್ರಿಕ್ಸ್‌ಗಳನ್ನು ಶಾಲೆಯ ವಿಧಾನದಲ್ಲಿ ಗುಣಿಸಲು 100 ಕೋಟಿ ಗುಣಾಕಾರ ಬೇಕು. ಬೇರೆಯವರು ಮಾಡಿಕೊಟ್ಟ ಉತ್ತರ ಸರಿಯೇ ಎಂದು ಒಂದು ಸಲ ಪರೀಕ್ಷಿಸಲು ಸುಮಾರು 30 ಲಕ್ಷ ಸಾಕು. ಲೆಕ್ಕ ಮಾಡುವುದಕ್ಕಿಂತ ಲೆಕ್ಕ ಸರಿಯಿದೆಯೇ ಎಂದು ನೋಡುವುದು ಇಷ್ಟು ಅಗ್ಗ ಎಂಬುದು ಆಗ ಹಲವರಿಗೆ ಅಚ್ಚರಿಯಾಗಿದ್ದರೆ ಆಶ್ಚರ್ಯವಿಲ್ಲ. ಫಾರ್ವರ್ಡ್ ಪರೀಕ್ಷಿಸುವ ಕೆಲಸ ಮಾಡುವ ನಮಗೆ ಮಾತ್ರ ಹೊಟ್ಟೆಕಿಚ್ಚು. ನಮ್ಮ ಕೆಲಸದಲ್ಲಿ ಸುಳ್ಳು ಬರೆಯಲು ಎರಡು ನಿಮಿಷ, ಅದನ್ನು ಪರೀಕ್ಷಿಸಲು ಎರಡು ದಿನ.

ಈಗ ಕ್ಯೂಆರ್

ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ಕಂಪನಿಯಲ್ಲಿ, ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಕಾರ್ಖಾನೆಯಲ್ಲಿ ಚೀಟಿಗೆ ಎಣ್ಣೆ, ಕೊಳೆ ಮೆತ್ತುವುದು ಮಾಮೂಲಿ. ಆದ್ದರಿಂದ ಕೊಳೆಯಾದರೂ ಓದಬಲ್ಲ ಕೋಡ್ ಬೇಕಾಗಿತ್ತು. ಅಂದರೆ ಹರಿದರೂ ಓದುವುದು ಆಕಸ್ಮಿಕ ಅಲ್ಲ, ಹಾಗೆಂದೇ ಮಾಡಿದ್ದು.

ಉಪಾಯವನ್ನು ಚಿಕ್ಕದಾಗಿ ನೋಡೋಣ. ನಿಮಗೆ 3 ಮತ್ತು 5 ಎಂಬ ಎರಡು ಸಂಖ್ಯೆ ಕಳಿಸಬೇಕು. ಎರಡನ್ನೇ ಕಳಿಸುವ ಬದಲು ಅದೇ ಏರಿಕೆಯಲ್ಲಿ ಇನ್ನೆರಡು ಸೇರಿಸಿ: 3, 5, 7, 9. ಗ್ರಾಫ್ ಕಾಗದದಲ್ಲಿ ಇಟ್ಟರೆ ನಾಲ್ಕೂ ಒಂದೇ ಸರಳರೇಖೆಯ ಮೇಲಿರುತ್ತವೆ. ದಾರಿಯಲ್ಲಿ ಒಂದು ಕೆಟ್ಟು 3, 5, 2, 9 ಎಂದು ತಲುಪಿತು. ಈಗ ಮೂರು ಬಿಂದುಗಳ ಮೂಲಕ ಹಾದುಹೋಗುವ ರೇಖೆ ಹುಡುಕಿ. 3, 5, 9 ಇರುವ ರೇಖೆ ಒಂದೇ. ಬೇರೆ ಯಾವ ರೇಖೆಯೂ ಮೂರು ಬಿಂದು ಮುಟ್ಟುವುದಿಲ್ಲ, ಏಕೆಂದರೆ ಎರಡು ಬೇರೆ ರೇಖೆಗಳು ಒಂದಕ್ಕಿಂತ ಹೆಚ್ಚು ಕಡೆ ಸಂಧಿಸುವುದಿಲ್ಲ. ಹಾಗಾದರೆ ತಪ್ಪು ಮೂರನೆಯದು, ಅಲ್ಲಿ ಇರಬೇಕಾದದ್ದು 7. ಇಲ್ಲಿ ಊಹೆ ಎಲ್ಲಿದೆ? ಉಳಿದ ಸಂಖ್ಯೆಗಳೇ ಬೇರೆ ಉತ್ತರಕ್ಕೆ ಜಾಗ ಬಿಟ್ಟಿಲ್ಲ.

ಕ್ಯೂಆರ್‌ನಲ್ಲಿ ಸರಳರೇಖೆಯ ಬದಲು ಬಾಗುವ ರೇಖೆ, ಮಾಮೂಲಿ ಸಂಖ್ಯೆಗಳ ಬದಲು 256 ಸಂಖ್ಯೆಗಳ ಒಂದು ಮುಚ್ಚಿದ ಲೋಕ. ಅಲ್ಲಿಯೂ ಸ್ವಿಚ್ಚಿನ ನಿಯಮವೇ, 1 ಮತ್ತು 1 ಸೇರಿದರೆ 0. ಇದನ್ನು 1960ರಲ್ಲಿ ರೂಪಿಸಿದವರು ಅಮೆರಿಕದ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್. ಪ್ರತಿ ಕೋಡೂ ಕೆಲವು ಸಮೀಕರಣಗಳನ್ನು ಪಾಲಿಸಬೇಕು. ಫೋನ್ ಓದಿದ ಸಂಖ್ಯೆಗಳನ್ನು ಆ ಸಮೀಕರಣಗಳಿಗೆ ಹಾಕಿದಾಗ ಎಲ್ಲ ಕಡೆ ಸೊನ್ನೆ ಬಂದರೆ ಕೋಡ್ ಸರಿಯಿದೆ. ಸೊನ್ನೆ ಬರದಿದ್ದರೆ, ಬಂದ ಶೇಷಗಳೇ ಸುಳಿವು. ಅವನ್ನು ಇಟ್ಟುಕೊಂಡು ಇನ್ನೊಂದು ಗುಂಪು ಸಮೀಕರಣ ಬಿಡಿಸಿದರೆ ಯಾವ ಸ್ಥಾನ ಕೆಟ್ಟಿದೆ, ಅಲ್ಲಿ ಏನಿರಬೇಕಿತ್ತು ಎರಡೂ ಗೊತ್ತಾಗುತ್ತದೆ. ಈ ಬಿಡಿಸುವ ಕೆಲಸಕ್ಕೆ 1968ರಲ್ಲಿ ಬಹಳ ವೇಗದ ವಿಧಾನ ಕೊಟ್ಟವರು ಎಲ್ವಿನ್ ಬರ್ಲೆಕ್ಯಾಂಪ್. ಹೌದು, ಬೆಸ-ಸಮ ಗ್ರೂಪುಗಳ ಅದೇ ಬರ್ಲೆಕ್ಯಾಂಪ್!

ಬೋಸ್ ಎಲ್ಲಿದ್ದಾರೆ? ಕ್ಯೂಆರ್‌ನ ಮೂರು ಮೂಲೆಗಳಲ್ಲಿ ದೊಡ್ಡ ಚೌಕಗಳಿವೆಯಲ್ಲ, ಅವುಗಳ ಅಂಚಿನಲ್ಲಿ 15 ಪುಟ್ಟ ಚೌಕಗಳ ಒಂದು ಟಿಪ್ಪಣಿ ಇರುತ್ತದೆ. ಈ ಕೋಡ್ ಎಷ್ಟು ಹಾನಿ ತಡೆಯುವ ಮಟ್ಟದ್ದು, ಯಾವ ವಿನ್ಯಾಸದ ಮುಸುಕು ಹಾಕಿದೆ ಎಂಬ ಮಾಹಿತಿ ಅದರಲ್ಲಿದೆ. ಅದನ್ನು ಓದದೆ ಮುಂದೆ ಹೋಗುವಂತಿಲ್ಲ. 15ರಲ್ಲಿ 5 ಮಾತ್ರ ಮಾಹಿತಿ, 10 ಕಾವಲು. 3 ಚೌಕ ತಪ್ಪಾದರೂ ಸರಿಪಡಿಸಬಹುದು. ಸಾಲದೆಂಬಂತೆ ಅದನ್ನು ಎರಡು ಕಡೆ ಬರೆದಿರುತ್ತಾರೆ. ಈ ಕಾವಲೇ ಬಿಸಿಎಚ್ ಕೋಡ್.

ಹಾಗಾದರೆ ಎಷ್ಟು ಹರಿದರೂ ನಡೆಯುತ್ತದೆಯೇ?

ಇಲ್ಲ. ಕ್ಯೂಆರ್‌ಗೆ ನಾಲ್ಕು ಮಟ್ಟಗಳಿವೆ. ಅವು ಸುಮಾರು 7%, 15%, 25% ಮತ್ತು 30% ಹಾನಿ ತಡೆಯುತ್ತವೆ. ಅಂಗಡಿಯ ಕೋಡಿನ ನಡುವೆ ಆಪ್‌ನ ಲೋಗೊ ಕೂರಿಸಿದರೂ ಓದಲು ಸಾಧ್ಯವಾಗುವುದು ಇದರಿಂದಲೇ. ಲೋಗೊ ಕೂಡ ಗಣಿತದ ಕಣ್ಣಿಗೆ ಒಂದು ಕಲೆ!

ತೀರಾ ಚಿಕ್ಕ ಕ್ಯೂಆರ್ ತೆಗೆದುಕೊಳ್ಳಿ, 21 ಅಡ್ಡ, 21 ಉದ್ದ. ಅತಿ ಗಟ್ಟಿ ಮಟ್ಟದಲ್ಲಿ ಅದರೊಳಗೆ 26 ಸಂಖ್ಯೆಗಳಿರುತ್ತವೆ. ಅದರಲ್ಲಿ ನಿಜವಾದ ಮಾಹಿತಿ 9, ಉಳಿದ 17 ಕಾವಲು. 8 ಸಂಖ್ಯೆ ಕೆಟ್ಟರೂ ತಿದ್ದಬಹುದು. ಈಗ ಮೊದಲ ಪ್ರಶ್ನೆಗೆ ಬನ್ನಿ: ಹರಿದ ಕೋಡ್ ಇನ್ನೊಬ್ಬರ ಕೋಡ್ ಆಗಿ ಬದಲಾಗಬಹುದೇ? ಈ ಪದ್ಧತಿಯಲ್ಲಿ ಯಾವುದೇ ಎರಡು ಸರಿಯಾದ ಕೋಡ್‌ಗಳು 26ರಲ್ಲಿ ಕನಿಷ್ಠ 18 ಕಡೆ ಬೇರೆಯಾಗಿರುತ್ತವೆ. ಫೋನ್ 8ನ್ನು ತಿದ್ದಿ ಇನ್ನೊಂದು ಕೋಡ್ ತಲುಪಬೇಕಾದರೆ ಉಳಿದ 10 ಸ್ಥಾನಗಳಲ್ಲಿ ಮಳೆನೀರು ಬಂದು ಕರಾರುವಾಕ್ಕಾಗಿ ಆ ಇನ್ನೊಬ್ಬರ ಸಂಖ್ಯೆಗಳನ್ನೇ ಬರೆದಿರಬೇಕು. ಒಂದೊಂದು ಸ್ಥಾನಕ್ಕೂ 256 ಆಯ್ಕೆಗಳು. ಹಾಗೆ ಬಂದದ್ದು ನಿಜವಾಗಿ ಇರುವ ಒಂದು ಯುಪಿಐ ವಿಳಾಸವೂ ಆಗಿರಬೇಕು. ಗಾಡಿಯ ಯುಪಿಐ ಕೋಡ್ ಇದಕ್ಕಿಂತ ದೊಡ್ಡದು, ಮಟ್ಟ ಬೇರೆಯಿರಬಹುದು, ಆದರೆ ಲೆಕ್ಕದ ರೀತಿ ಇದೇ. ಹಾನಿ ಮಿತಿ ಮೀರಿದರೆ ಫೋನ್ ತಪ್ಪು ಹೆಸರು ತೋರಿಸುವುದಿಲ್ಲ, ಸುಮ್ಮನೆ ಸ್ಕ್ಯಾನ್ ಆಗುವುದಿಲ್ಲ.

ಒಂದು ಉಪಯೋಗದ ಮಾತು. ಮೂರು ಮೂಲೆಯ ದೊಡ್ಡ ಚೌಕಗಳಿಗೆ ಈ ಕಾವಲು ಇಲ್ಲ. ಕೋಡ್ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಕ್ಯಾಮೆರಾ ಗುರುತಿಸುವುದೇ ಅವುಗಳಿಂದ. ಮಧ್ಯದಲ್ಲಿ ಅಂಗೈ ಅಗಲ ಕಲೆಯಾದರೂ ಕೆಲವೊಮ್ಮೆ ನಡೆಯುತ್ತದೆ, ಒಂದು ಮೂಲೆಯ ಚೌಕ ಹರಿದರೆ ಸ್ಕ್ಯಾನ್ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಟಿಕ್ಕರ್ ಅಂಟಿಸುವಾಗ ಮೊಳೆ, ಟೇಪು ಮೂಲೆಗೆ ಬೀಳದಂತೆ ನೋಡಿಕೊಳ್ಳಿ.

ಗಣಿತ ತಡೆಯದ ಅಪಾಯ

ಈಗ ಆರಂಭದಲ್ಲಿ ಹೇಳಿದ ನಿಜವಾದ ಅಪಾಯ. ಅಂಗಡಿಯವರ ಕೋಡಿನ ಮೇಲೆ ಯಾರೋ ತಮ್ಮ ಕೋಡನ್ನು ಅಂಟಿಸಿಹೋಗುವ ವಂಚನೆ ದೇಶದ ಹಲವು ಕಡೆ ವರದಿಯಾಗಿದೆ. ಆ ಹೊಸ ಸ್ಟಿಕ್ಕರ್ ಹರಿದಿರುವುದಿಲ್ಲ. ಹೊಳೆಯುತ್ತಿರುತ್ತದೆ. ಅದರ ಎಲ್ಲ ಸಮೀಕರಣಗಳೂ ಸೊನ್ನೆಗೆ ಸರಿಯಾಗಿ ತಾಳೆಯಾಗುತ್ತವೆ, ಏಕೆಂದರೆ ಅದು ಪೂರ್ತಿ ಸರಿಯಾದ ಕೋಡ್, ವಂಚಕನ ಖಾತೆಯದ್ದು. ಕಾವಲು ಸಂಖ್ಯೆಗಳಿಗೆ ಮಳೆ, ಧೂಳು, ಗೀರು ಗೊತ್ತು. ಯಾರ ಖಾತೆ ಎಂಬುದು ಗೊತ್ತಿಲ್ಲ. ಅಂದರೆ ಹರಿದ ಹಳೆಯ ಕೋಡಿಗಿಂತ ಹಳೆಯ ಬೋರ್ಡಿನ ಮೇಲೆ ಕೂತಿರುವ ಹೊಚ್ಚಹೊಸ ಸ್ಟಿಕ್ಕರ್ ಅನುಮಾನಕ್ಕೆ ಹೆಚ್ಚು ಅರ್ಹ.

ಪಿನ್ ಒತ್ತುವ ಮೊದಲು ಪರದೆಯ ಮೇಲಿನ ಹೆಸರನ್ನು ಓದಿ, ಎದುರಿಗಿರುವವರನ್ನು ಕೇಳಿ. ಮಗನದೋ ಮಾಲೀಕರದೋ ಹೆಸರಿನಲ್ಲಿ ಖಾತೆ ಇರಬಹುದು, ಅವರೇ ಹೇಳುತ್ತಾರೆ. "ಹಣ ನಿಮಗೆ ಬರಬೇಕಾದರೆ ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎಂದು ಯಾರಾದರೂ ಕಳಿಸಿದರೆ ಅಲ್ಲಿಗೇ ನಿಲ್ಲಿಸಿ, ಹಣ ಪಡೆಯಲು ಪಿನ್ ಬೇಕಾಗಿಲ್ಲ. ಅಂಗಡಿಯವರು ಬೆಳಿಗ್ಗೆ ಬಾಗಿಲು ತೆರೆದಾಗ ತಮ್ಮ ಕೋಡಿನ ಅಂಚಿಗೆ ಒಮ್ಮೆ ಉಗುರು ತಾಗಿಸಿ ನೋಡಲಿ, ಮೇಲೊಂದು ಪದರ ಎದ್ದು ಬರುತ್ತದೆಯೇ ಎಂದು. ಆಮೇಲೆ ತಮ್ಮದೇ ಫೋನಿನಿಂದ ಸ್ಕ್ಯಾನ್ ಮಾಡಿ, ಬಂದ ಹೆಸರು ತಮ್ಮದೇ ಎಂದು ಖಚಿತ ಮಾಡಿಕೊಂಡು, ಆಪ್ ಮುಚ್ಚಿದರೆ ಸಾಕು.